ನೋವಿರುವ ತೋಳಿಗೆ ಒಪ್ಪುವ ಬ್ಲೌಸ್ ಹೊಲಿಯುವ ಅಂಗಡಿ

ಚಿಕ್ಕಮಗಳೂರಿನ ಬಸವನಹಳ್ಳಿ ರಸ್ತೆಯ ಅಡ್ಡರಸ್ತೆಯೊಂದರಲ್ಲಿ, ಮಹಡಿ ಮೇಲೆ ಒಂದು ಚಿಕ್ಕ ಲೇಡೀಸ್ ಟೈಲರ್ ಅಂಗಡಿ ಇದೆ. ಮನೆಯಲ್ಲಿ ಸ್ಟ್ರೋಕ್ ಆದವರಿದ್ದರೆ ದಯವಿಟ್ಟು ಇದನ್ನು ಓದಿ.

ಸ್ಟ್ರೋಕ್ ಆಗಿ ಕೆಲವು ತಿಂಗಳಾದ ಮೇಲೆ ನನ್ನ ಎಡಗೈಗೆ ಉರಿ ಶುರುವಾಯಿತು. ಗಾಯವಿಲ್ಲ, ಬಾವಿಲ್ಲ. ಪೆಟ್ಟು ಬಿದ್ದಿರುವುದು ಮೆದುಳಿನಲ್ಲಿ ಮೈಯ ಸ್ಪರ್ಶ, ನೋವಿನ ಸುದ್ದಿ ಹಾದುಹೋಗುವ ಥಾಲಮಸ್ ಎಂಬ ಭಾಗಕ್ಕೆ, ಅದಕ್ಕೇ ಸುಮ್ನೆ ಮುಟ್ಟಿದ್ದೂ ತಣ್ಣಗಿನದೂ ನೋವಾಗಿ ತಿಳಿಯುತ್ತದೆ ಎಂದರು ಡಾಕ್ಟರ್. ಡೆಜೆರೀನ್, ರೂಸಿ ಎಂಬ ಪ್ಯಾರಿಸ್ಸಿನ ವೈದ್ಯರು 1906ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಆದರೂ ‘ಕೈ ಆಡ್ತಿದೆಯಲ್ಲ, ಇನ್ನೇನು ನೋವು?’ ಅನ್ನುವವರೇ ಜಾಸ್ತಿ. ಪ್ಯಾರಾಸಿಟಮಾಲ್ ನನಗೆ ಏನೂ ಮಾಡಲಿಲ್ಲ. ರಾತ್ರಿ ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಮಾತ್ರೆ ತೆಗೆದುಕೊಂಡರೆ ಒಂದಿಷ್ಟು ನಿದ್ದೆ ಬರುತ್ತದೆ, ಅಷ್ಟೆ.

ಗಟ್ಟಿಯಾಗಿ ಹಿಡಿದರೆ ಹೇಗೋ ತಡೆಯಬಹುದು, ಸೆರಗು ಸವರಿದರೆ ತಡೆಯಲಾಗುವುದಿಲ್ಲ. ನಮ್ಮೂರ ಮಳೆಗಾಲ ಗೊತ್ತಲ್ವಾ? ಸರಿಯಾಗಿ ಒಣಗದ ಬ್ಲೌಸಿನ ತೋಳು ತಾಗಿದರೆ ಕೆಂಡ ಇಟ್ಟ ಹಾಗಾಗುತ್ತದೆ. ಮದುವೆ, ನಾಮಕರಣ ಎಲ್ಲ ಬಿಟ್ಟು ಹಳೇ ನೈಟಿಯಲ್ಲೇ ಮನೆಯಲ್ಲಿ ಕೂತಿದ್ದೆ. ಮೊದಲು ಕೊಡುತ್ತಿದ್ದ ಟೈಲರ್ ‘ಲೂಸ್ ಮಾಡಿದ್ರೆ ಫಿಟ್ಟಿಂಗ್ ಹೋಗುತ್ತೆ’ ಅಂತ ಒಪ್ಪಲೇ ಇಲ್ಲ.

ಇಲ್ಲಿಯ ಟೈಲರಮ್ಮ ಟೇಪು ಹಿಡಿಯುವ ಮೊದಲೇ ‘ಅಮ್ಮ, ಎಲ್ಲಿ ತಾಗಿದ್ರೆ ಉರಿಯುತ್ತೆ?’ ಎಂದು ಕೇಳಿದರು. ಎಡಗೈ ಮುಟ್ಟದೆ ನನ್ನ ಬಲಗೈಯದೇ ಅಳತೆ ತೆಗೆದರು. ಎಡತೋಳನ್ನು ಮೊಣಕೈವರೆಗೂ ಅಗಲವಾಗಿ ಬಿಟ್ಟು, ಹೊಲಿಗೆಯ ಅಂಚನ್ನು ಹೊರಗಡೆ ತಿರುಗಿಸಿ ಪಟ್ಟಿ ಕೊಟ್ಟಿದ್ದಾರೆ. ಆ ಪಟ್ಟಿ ನೋಡಿದವರು ಡಿಸೈನ್ ಅಂದುಕೊಳ್ಳುತ್ತಾರೆ! ಕಂಕುಳಿನಿಂದ ಸೊಂಟದವರೆಗೆ ಪಕ್ಕ ಪೂರ್ತಿ ತೆರೆಯುತ್ತದೆ, ಪ್ರೆಸ್ ಬಟನ್ ಇದೆ. ಹಾಗಾಗಿ ಕೈ ಎತ್ತದೆ ನಾನೇ ಹಾಕಿಕೊಳ್ಳುತ್ತೇನೆ. ಲೈನಿಂಗ್ ಬೇಡ, ಒಗೆದು ಮೆತ್ತಗಾದ ಹಳೇ ಕಾಟನ್ ಸೀರೆಯನ್ನೇ ತನ್ನಿ ಎಂದವರೂ ಅವರೇ. ಮೊದಲ ಬ್ಲೌಸಿನ ಬಟನ್ ಚರ್ಮಕ್ಕೆ ತಾಗುತ್ತಿತ್ತು. ಹೇಳಿದ ಕೂಡಲೇ ಒಳಗೆ ಬಟ್ಟೆ ಕೊಟ್ಟು ಸರಿ ಮಾಡಿದರು, ದುಡ್ಡು ತೆಗೆದುಕೊಳ್ಳಲಿಲ್ಲ.

ಹೊಲಿಗೆ ಕೂಲಿ 450 ರೂಪಾಯಿ, ಮಾಮೂಲಿಗಿಂತ ಜಾಸ್ತಿಯೇ. ಕೆಲಸಕ್ಕೆ ತಕ್ಕ ದುಡ್ಡು ಅಂತಲೇ ನನಗನ್ನಿಸುತ್ತದೆ. ಆದರೆ ಹೇಳಿದ ದಿನಕ್ಕೆ ಸಿಗುವುದಿಲ್ಲ, ಶ್ರಾವಣದಲ್ಲಂತೂ ಕೇಳಲೇಬೇಡಿ. ಮೆಟ್ಟಿಲು ಕಡಿದು, ಹಿಡಿಕೆ ಒಂದೇ ಕಡೆ. ಹತ್ತಲಾಗದಿದ್ದರೆ ಕೆಳಗಿನಿಂದ ಕೂಗಿ, ಟೇಪು ಹಿಡಿದು ಅವರೇ ಇಳಿದು ಬರುತ್ತಾರೆ. ಈಗ ಎರಡು ನೈಟಿಗೂ ಬಟ್ಟೆ ಕೊಟ್ಟು ಬಂದಿದ್ದೇನೆ.