ಹಳೆಯ ಸ್ವಿಫ್ಟ್ ಡೀಸೆಲ್‌ಗೆ ಹೊಸ ಟೈಮಿಂಗ್ ಚೈನ್: ಶಿವಮೊಗ್ಗದ ಗ್ಯಾರೇಜೊಂದರ ಕೆಲಸದ ವಿಮರ್ಶೆ

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಡೀಸೆಲ್ ಇಂಜಿನ್ ಕೆಲಸವನ್ನೇ ಹೆಚ್ಚಾಗಿ ಮಾಡುವ ಒಂದು ಸಣ್ಣ ಗ್ಯಾರೇಜಿನಲ್ಲಿ, 1,60,000 ಕಿ.ಮೀ. ದಾಟಿದ ನಮ್ಮ 2010ರ ಮಾರುತಿ ಸ್ವಿಫ್ಟ್ ಡೀಸೆಲ್ ಕಾರಿನ ಟೈಮಿಂಗ್ ಚೈನನ್ನು ಈಚೆಗೆ ಬದಲಾಯಿಸಿಕೊಂಡೆವು. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡವೂ ವಾಲ್ವುಗಳನ್ನು ತೆರೆಯುವ ಕ್ಯಾಮ್ ದಂಡವೂ ತಾಳ ತಪ್ಪದೆ ತಿರುಗುವಂತೆ ಎರಡನ್ನೂ ಜೋಡಿಸುವ ಸರಪಳಿ ಇದು. ಕೆಲಸ ಅಚ್ಚುಕಟ್ಟಾಗಿ ಆಗಿದೆ. ಹಳೆಯ ಡೀಸೆಲ್ ಕಾರನ್ನು ಇನ್ನೂ ಜತನದಿಂದ ಇಟ್ಟುಕೊಂಡಿರುವವರಿಗೆ ಈ ರಿಪೇರಿಯನ್ನು ಯಾರ ಕೈಗೆ ಕೊಡಬೇಕು, ಕೊಡುವ ಮುನ್ನ ಏನೇನು ಕೇಳಬೇಕು ಎಂಬುದು ತಿಳಿಯಲೆಂದು ವಿವರವಾಗಿ ಬರೆಯುತ್ತಿದ್ದೇನೆ.

ಈ ಕಾರಿನಲ್ಲಿರುವುದು ಫಿಯಟ್ ರೂಪಿಸಿದ 1248 ಸಿಸಿಯ ಮಲ್ಟಿಜೆಟ್ ಇಂಜಿನ್. ಮಾರುತಿ ಇದನ್ನು ಡಿಡಿಐಎಸ್ ಎಂದು, ಟಾಟಾ ಕ್ವಾಡ್ರಾಜೆಟ್ ಎಂದು ಕರೆದವು. ಸ್ವಿಫ್ಟ್, ಡಿಸೈರ್, ರಿಟ್ಜ್, ಎರ್ಟಿಗಾ, ಇಂಡಿಕಾ ವಿಸ್ಟಾ, ಪುಂಟೊ, ಲೀನಿಯಾ ಎಲ್ಲದರಲ್ಲೂ ಓಡಿದ್ದು ಇದೇ. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್-6 ನಿಯಮ ಜಾರಿಗೆ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನು ನಿಲ್ಲಿಸಿತಾದರೂ ನಮ್ಮ ರಸ್ತೆಗಳಲ್ಲಿ ಇವು ಇನ್ನೂ ಸಾಕಷ್ಟಿವೆ. ಇದರಲ್ಲಿ ಕಾಲಕಾಲಕ್ಕೆ ಬದಲಿಸಬೇಕಾದ ರಬ್ಬರ್ ಬೆಲ್ಟ್ ಇಲ್ಲ, ಚೈನ್ ಇದೆ, ಹಾಗಾಗಿ ಆಯುಷ್ಯಪೂರ್ತಿ ಮುಟ್ಟುವುದೇ ಬೇಡ ಎಂಬ ಮಾತನ್ನು ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವರು ಧಾರಾಳವಾಗಿ ಆಡುತ್ತಾರೆ. ಅದನ್ನು ನಂಬಬಾರದು. ಗಾಡಿ ಓಡಿದಂತೆಲ್ಲ ಚೈನ್ ಕೂಡ ಉದ್ದವಾಗುತ್ತದೆ.

ಉದ್ದವಾಗುತ್ತದೆ ಎಂದರೆ ಅದರ ಕಬ್ಬಿಣ ಹಿಗ್ಗುತ್ತದೆಂದು ಅರ್ಥವಲ್ಲ. ಪ್ರತಿ ಕೊಂಡಿಯ ಪಿನ್ನು ಮತ್ತು ಅದು ಕೂತಿರುವ ಬುಷ್ ಕೂದಲೆಳೆಯಷ್ಟು ಸವೆದರೂ ಎಲ್ಲ ಕೊಂಡಿಗಳ ಸವೆತ ಒಟ್ಟುಗೂಡಿ ಚೈನ್ ಸಡಿಲವಾಗುತ್ತದೆ. ಆ ಸಡಿಲವನ್ನು ಆಯಿಲ್ ಒತ್ತಡದಿಂದ ಕೆಲಸ ಮಾಡುವ ಟೆನ್ಷನರ್ ಒಂದು ಮಿತಿಯವರೆಗೆ ಎಳೆದು ಹಿಡಿಯುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಮಸಿ ಆಯಿಲಿಗೆ ಸೇರುವುದು ಸಹಜವಾದ್ದರಿಂದ, ಆಯಿಲ್ ಬದಲಾವಣೆಯನ್ನು ಮುಂದೂಡುತ್ತಾ ಹೋದರೆ ಆ ಮಸಿಯೇ ಪಿನ್ನುಗಳನ್ನು ಉಜ್ಜತೊಡಗುತ್ತದೆ. ಆಯಿಲ್ ಮಟ್ಟ ಇಳಿದಿದ್ದರೆ ಟೆನ್ಷನರಿಗೆ ಸಿಗಬೇಕಾದ ಒತ್ತಡವೂ ತಡವಾಗಿ ಸಿಗುತ್ತದೆ. ಸವೆತ ಹೆಚ್ಚಾಗಿ ಚೈನ್ ತಾನು ಕೂತ ಹಲ್ಲುಚಕ್ರದ (ಸ್ಪ್ರಾಕೆಟ್) ಒಂದೆರಡು ಹಲ್ಲು ಹಾರಿತೆಂದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ, ವಾಲ್ವುಗಳನ್ನು ಒತ್ತುವ ರಾಕರುಗಳು ಮುರಿಯುತ್ತವೆ, ಇಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚದೆ ಬೇರೆ ದಾರಿ ಉಳಿಯುವುದಿಲ್ಲ.

ನಮ್ಮ ಗಾಡಿಯಲ್ಲಿ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಬಲಬದಿಯಿಂದ ಕರಕರ ಸದ್ದು ಬಂದು, ಆಯಿಲ್ ಮೇಲೇರುತ್ತಿದ್ದಂತೆ ನಿಂತುಹೋಗುತ್ತಿತ್ತು. ಮೊದಲು ತೋರಿಸಿದ ಬೇರೊಂದು ಕಡೆ, ದಪ್ಪ ಆಯಿಲ್ ಹಾಕಿ ಟೆನ್ಷನರ್ ಒಂದನ್ನೇ ಬದಲಿಸಿದರೆ ಸಾಕು ಎಂದಿದ್ದರು. ಸದ್ದನ್ನು ಕೆಲವು ಕಾಲ ಮುಚ್ಚಿಡುವ ಉಪಾಯ ಅದು. ಸವೆದ ಚೈನ್ ಒಳಗೆ ಹಾಗೆಯೇ ಉಳಿಯುತ್ತದೆ. ಆಟೋ ಕಾಂಪ್ಲೆಕ್ಸಿನ ಮೇಸ್ತ್ರಿಯವರು ಹಾಗೆ ಮಾಡಲಿಲ್ಲ. ಗಾಡಿಯನ್ನು ರಾತ್ರಿ ಅಲ್ಲೇ ಬಿಡಿಸಿಕೊಂಡು, ಬೆಳಿಗ್ಗೆ ತಣ್ಣಗಿದ್ದಾಗ ತಾವೇ ಸ್ಟಾರ್ಟ್ ಮಾಡಿ ಕೇಳಿದರು, ಸ್ಕ್ಯಾನರ್ ಹಾಕಿ ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರುಗಳ ಲೆಕ್ಕ ತಾಳೆಯಾಗದಿರುವ ಪಿ0016 ಕೋಡನ್ನು ತೋರಿಸಿದರು. ಆ ಬಳಿಕವಷ್ಟೇ ಖರ್ಚಿನ ಮಾತೆತ್ತಿದರು. ಇಂಜಿನ್ ಬಿಚ್ಚುವ ಮೊದಲು ಕಾರಣವನ್ನು ಖಚಿತಪಡಿಸಿಕೊಳ್ಳುವ ಈ ತಾಳ್ಮೆಗೇ ನಾನು ಈ ಗ್ಯಾರೇಜಿಗೆ ಹೆಚ್ಚು ಅಂಕ ಕೊಡುತ್ತೇನೆ.

ಕೆಲಸವನ್ನು ಇಂಜಿನ್ ಇಳಿಸದೆಯೇ ಮಾಡಿದರು. ಬಲಬದಿಯ ಮೌಂಟಿಂಗ್ ಬಿಚ್ಚಿ, ಇಂಜಿನ್ನಿಗೆ ಆಧಾರ ಕೊಟ್ಟು, ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್ ಇಳಿಸಿ, ಆಮೇಲೆ ಟೈಮಿಂಗ್ ಕವರ್ ತೆಗೆದರು. ಚೇಂಬರ್ ಇಳಿಸದೆ ಈ ಕವರನ್ನು ಸರಿಯಾಗಿ ಕೂರಿಸಲಾಗದು, ಆದ್ದರಿಂದ ಚೇಂಬರ್ ಮುಟ್ಟದೆ ಕಡಿಮೆ ದುಡ್ಡಿಗೆ ಮುಗಿಸಿಕೊಡುತ್ತೇವೆ ಎನ್ನುವವರನ್ನು ಒಂದೆರಡು ಪ್ರಶ್ನೆ ಕೇಳಿಯೇ ಮುಂದುವರಿಯಬೇಕು. ಇನ್ನೂ ಮುಖ್ಯವಾದದ್ದು ಲಾಕಿಂಗ್ ಪಿನ್ನುಗಳು. ಕ್ರ್ಯಾಂಕಿನ ತುದಿಯ ಭಾರದ ಚಕ್ರವಾದ ಫ್ಲೈವೀಲಿಗೂ ಕ್ಯಾಮ್ ಶಾಫ್ಟುಗಳಿಗೂ ಪಿನ್ ಹಾಕಿ ಇಂಜಿನ್ನನ್ನು ಸ್ಥಿರವಾಗಿ ನಿಲ್ಲಿಸಿದ ಮೇಲೆಯೇ ಈ ಇಂಜಿನ್ನಿನ ಟೈಮಿಂಗ್ ಕೂರಿಸಬೇಕು. ವೈಟ್ನರಿನಿಂದ ಗುರುತು ಹಾಕಿ ಹಳೆಯ ಜಾಗಕ್ಕೇ ಹೊಸ ಚೈನ್ ಹಾಕಿದರೆ, ಸವೆದ ಚೈನಿನಿಂದ ಈಗಾಗಲೇ ಆಗಿರುವ ವ್ಯತ್ಯಾಸವೂ ಗುರುತಿನ ಜೊತೆಗೇ ಉಳಿಯುತ್ತದೆ. ಇವರ ಬಳಿ ಪಿನ್ನುಗಳ ಪೂರ್ತಿ ಸೆಟ್ ಇತ್ತು. ಹೊಸ ಚೈನ್ ಹಾಕಿ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿದ ಮೇಲೆ ಪಿನ್ನುಗಳನ್ನು ತೆಗೆದು, ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಮತ್ತೆ ಪಿನ್ನು ಹಾಕಿ ನೋಡಿದರು. ಕ್ಯಾಮಿನ ಪಿನ್ನು ಸ್ವಲ್ಪವೂ ತಡೆಯದೆ ಒಳಗಿಳಿದಾಗಲೇ ಅವರು ಕೈ ಒರೆಸಿಕೊಂಡರು.

ತೆಗೆದ ಹಳೆಯ ಸಾಮಾನನ್ನು ಬಟ್ಟೆಯ ಮೇಲೆ ಹರಡಿ ತೋರಿಸಿದ್ದು ನನಗೆ ಬಹಳ ಇಷ್ಟವಾಯಿತು. ಹೊಸ ಚೈನನ್ನು ಅಡ್ಡಲಾಗಿ ಹಿಡಿದರೆ ಹೆಚ್ಚುಕಡಿಮೆ ನೆಟ್ಟಗೆ ನಿಂತಿತು, ಹಳೆಯದು ನಡುವೆ ಜೋತುಬಿತ್ತು. ಚೈನ್ ಒರಗಿ ಓಡುವ ಪ್ಲಾಸ್ಟಿಕ್ ಗೈಡಿನ ಮೇಲೆ ಅದರ ಪಟ್ಟಿಗಳು ಕೊರೆದ ಎರಡು ಸಮಾನಾಂತರ ಗೆರೆಗಳು ಉಗುರಿಗೆ ಸಿಗುವಷ್ಟು ಆಳವಾಗಿದ್ದವು. ಚೈನ್, ಎರಡೂ ಗೈಡು, ಟೆನ್ಷನರ್, ಸ್ಪ್ರಾಕೆಟ್ಟುಗಳು, ಕ್ರ್ಯಾಂಕ್ ಸೀಲ್ ಎಲ್ಲವನ್ನೂ ಒಟ್ಟಿಗೇ ಬದಲಿಸಿದರು. ಹಳೆಯ ಸ್ಪ್ರಾಕೆಟ್ಟನ್ನೇ ಉಳಿಸಿಕೊಂಡು ಹಣ ಉಳಿಸಬಹುದಲ್ಲ ಎಂದು ಕೇಳಿದ್ದಕ್ಕೆ ಮೇಸ್ತ್ರಿಯವರು, "ಸಾರ್, ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದ್ರೆ ಅದೂ ಬೇಗ ಸವೆಯುತ್ತೆ, ಆಮೇಲೆ ಕೂಲಿ ಇನ್ನೊಂದ್ಸಲ ನೀವೇ ಕೊಡ್ಬೇಕು" ಎಂದರು. ಕೂಲಿಯೇ ದೊಡ್ಡ ಖರ್ಚಾಗಿರುವ ಕೆಲಸದಲ್ಲಿ ಈ ಮಾತು ನೂರಕ್ಕೆ ನೂರು ಸರಿ.

ಕಂಪನಿ ಬಾಕ್ಸಿನ ಬಿಡಿಭಾಗ, ಆಯಿಲ್, ಫಿಲ್ಟರ್, ಕೂಲಿ ಎಲ್ಲ ಸೇರಿ 20,000 ರೂಪಾಯಿಗಿಂತ ತುಸು ಕಡಿಮೆಯಾಯಿತು. ಈ ಮಟ್ಟದ ಕೆಲಸಕ್ಕೆ ಇದು ನ್ಯಾಯವಾದ ದರ. ಆದರೆ ಎರಡು ಕೊರತೆಗಳನ್ನು ಹೇಳಲೇಬೇಕು. ಮೊದಲು ಹೇಳಿದ ಅಂದಾಜಿನಲ್ಲಿ ಆಯಿಲ್, ಫಿಲ್ಟರ್ ಮತ್ತು ಸೀಲುಗಳ ಬೆಲೆ ಸೇರಿರಲಿಲ್ಲ. ಚೇಂಬರ್ ಇಳಿಸುವ ಕೆಲಸದಲ್ಲಿ ಇವು ಬೇಕೇ ಬೇಕೆಂದು ಗೊತ್ತಿದ್ದ ಮೇಲೆ ಮೊದಲೇ ಸೇರಿಸಿ ಹೇಳಬೇಕಿತ್ತು. ಬಿಲ್ಲನ್ನು ಕೈಬರಹದ ಚೀಟಿಯಲ್ಲಿ ಕೊಟ್ಟರು, ಪಾರ್ಟ್ ನಂಬರುಗಳನ್ನು ನಾನು ಕೇಳಿ ಬರೆಸಿಕೊಳ್ಳಬೇಕಾಯಿತು, ಗ್ಯಾರಂಟಿ ಬರೀ ಬಾಯಿಮಾತಿನದು. ಮುಂದೆ ಗಾಡಿ ಮಾರುವಾಗ ಈ ಕೆಲಸಕ್ಕೆ ಬೆಲೆ ಸಿಗುವುದೇ ಸರಿಯಾದ ಬಿಲ್ಲಿನಿಂದ ಎಂಬುದನ್ನು ಇಷ್ಟು ಒಳ್ಳೆಯ ಕೆಲಸಗಾರರು ಗಮನಿಸಬೇಕು.

ಈಗ ಮೊದಲ ಸ್ಟಾರ್ಟಿನ ಸದ್ದು ಹೋಗಿದೆ, ಕೋಡ್ ಮರುಕಳಿಸಿಲ್ಲ, ಇಂಜಿನ್ ನಿಧಾನವಾಗಿ ತಿರುಗುವಾಗ, ಅಂದರೆ ಟರ್ಬೊ ಹಿಡಿಯುವ ಮೊದಲಿನ ಎಳೆತವೂ ಸುಧಾರಿಸಿದೆ. ಕಿಲೋಮೀಟರ್ ತುಂಬಲಿ ಬಿಡಲಿ, ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎಂಬ ಅವರ ಸಲಹೆಯನ್ನು ಪಾಲಿಸುವವನಿದ್ದೇನೆ. ಸಾಗರ, ತೀರ್ಥಹಳ್ಳಿ ಕಡೆಯಿಂದ ಗಾಡಿ ತರುವವರು ಹಿಂದಿನ ಸಂಜೆಯೇ ತಂದು ಬಿಡುವುದು ಒಳ್ಳೆಯದು. ಓಡಿಸಿಕೊಂಡು ಬಂದ ಬಿಸಿ ಇಂಜಿನ್ನಿನಲ್ಲಿ ಈ ಸದ್ದು ಬಹುಮಟ್ಟಿಗೆ ಅಡಗಿರುವುದರಿಂದ, ಎಷ್ಟೇ ಅನುಭವಿಯಾದರೂ ಮೇಸ್ತ್ರಿ ಅದನ್ನು ನಿಂತ ನಿಲುವಿನಲ್ಲಿ ಪತ್ತೆ ಮಾಡುವುದು ಕಷ್ಟ.