ಅಪ್ಪನ ಟಿವಿಗೆ ಮೂರು ರಿಮೋಟ್‌ಗಳು

ಅಪ್ಪ ರಾತ್ರಿ ಟಿವಿ ನೋಡುತ್ತಲೇ ನಿದ್ದೆ ಹೋಗುತ್ತಾರೆ. ನಡುರಾತ್ರಿ ಎಚ್ಚರವಾದಾಗ ಎದ್ದು ಹೋಗಿ ಅದನ್ನು ಆರಿಸುವುದು ಅವರ ಮೊಣಕಾಲಿಗೆ ಕಷ್ಟ. ಮೂಲ ರಿಮೋಟ್ ಕೆಟ್ಟಿತ್ತು. ಅಂಗಡಿಯಿಂದ ತಂದ ಬದಲಿಯಲ್ಲಿ ಧ್ವನಿಯ ಗುಂಡಿಗಳಷ್ಟೇ ನಡೆದವು. ಹಾಗಾಗಿ ಮನೆಯಲ್ಲಿದ್ದ ವಸ್ತುಗಳಲ್ಲೇ ಮೂರು ದಾರಿಗಳನ್ನು ಪ್ರಯೋಗಿಸಿ ನೋಡಿದೆ: ಹಳೆಯ ಲ್ಯಾಪ್‌ಟಾಪ್‌ನ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ಪೋರ್ಟ್, ಅದೇ ಲ್ಯಾಪ್‌ಟಾಪ್‌ನ ಇಯರ್‌ಫೋನ್ ಜ್ಯಾಕ್, ಮತ್ತು ನನ್ನ ರೆಡ್ಮಿ ಮೊಬೈಲ್.

ಲ್ಯಾಪ್‌ಟಾಪ್‌ನ ಅಂಚಿನಲ್ಲಿರುವ ಆ ಕಡುಗೆಂಪು ಕಿಂಡಿ ಟಿವಿಗಾಗಿ ಹುಟ್ಟಿದ್ದಲ್ಲ. ಐಆರ್‌ಡಿಎ ಎಂಬ ಆ ವ್ಯವಸ್ಥೆ ಎರಡು ಯಂತ್ರಗಳು ಒಂದು ಮೀಟರ್ ಒಳಗೆ ಎದುರುಬದುರು ಕುಳಿತು ಕಡತ ಹಂಚಿಕೊಳ್ಳಲೆಂದು ಮಾಡಿದ್ದು. ಅದರ ಬೆಳಕಿನ ಅಲೆಯುದ್ದ 850ರಿಂದ 900 ನ್ಯಾನೋಮೀಟರ್. ರಿಮೋಟ್‌ನದು ಸಾಮಾನ್ಯವಾಗಿ 940. ಅದಕ್ಕಿಂತ ದೊಡ್ಡ ವ್ಯತ್ಯಾಸ ತಾಳದ್ದು. ರಿಮೋಟ್‌ನ ಬೆಳಕು ಸೆಕೆಂಡಿಗೆ ಸುಮಾರು 38,000 ಸಲ ಮಿನುಗುತ್ತದೆ. ಟಿವಿಯ ಕಣ್ಣು ಆ ತಾಳಕ್ಕೆ ಮಾತ್ರ ಕಿವಿಗೊಟ್ಟು, ಟ್ಯೂಬ್‌ಲೈಟಿನ ಬೆಳಕು, ಬಿಸಿಲು ಎಲ್ಲವನ್ನೂ ಬದಿಗೆ ತಳ್ಳುತ್ತದೆ. ಐಆರ್‌ಡಿಎಗೆ ಅಂಥ ತಾಳವೇ ಇಲ್ಲ. ಸೊನ್ನೆ ಬಂದಾಗ ಒಂದು ಚಿಕ್ಕ ಮಿಂಚು, ಒಂದು ಬಂದಾಗ ಕತ್ತಲೆ, ಅಷ್ಟೇ.

ಆದರೆ ಇಲ್ಲಿ ಒಂದು ಸುಂದರವಾದ ಲೆಕ್ಕವಿದೆ. ಈ ಪೋರ್ಟಿನ ವೇಗ ಸೆಕೆಂಡಿಗೆ 1,15,200 ಬಿಟ್, ಅಂದರೆ ಅಷ್ಟು ಸೊನ್ನೆ-ಒಂದುಗಳು. ಅದನ್ನು ಮೂರರಿಂದ ಭಾಗಿಸಿದರೆ 38,400! ಅಂದರೆ ಮೂರು ಬಿಟ್‌ಗಳಿಗೊಮ್ಮೆ ಒಂದು ಸೊನ್ನೆ ಬೀಳುವಂತೆ ಮಾಡಿದರೆ ಟಿವಿಗೆ ಬೇಕಾದ ತಾಳ ತಾನಾಗಿ ಹುಟ್ಟುತ್ತದೆ. ಪೋರ್ಟನ್ನು ಏಳು ಬಿಟ್‌ಗಳ ಅಕ್ಷರಕ್ಕೆ ಹೊಂದಿಸಿ 91 ಎಂಬ ಸಂಖ್ಯೆಯನ್ನು ಕಳುಹಿಸಿದರೆ, ಪೋರ್ಟ್ ತಾನೇ ಹಚ್ಚುವ ಆರಂಭದ ಮತ್ತು ಕೊನೆಯ ಬಿಟ್ ಸೇರಿ ಹೊರಡುವುದು 011011011. ಅದನ್ನೇ ಬೆನ್ನುಬೆನ್ನಿಗೆ ಕಳುಹಿಸುತ್ತಿದ್ದರೆ ತಾಳ ಎಲ್ಲಿಯೂ ಮುರಿಯುವುದಿಲ್ಲ. ನಮ್ಮ ಟಿವಿಗೆ ಅರ್ಥವಾಗುವ, ಎನ್‌ಇಸಿ ಎಂಬ ಪದ್ಧತಿಯ ರಿಮೋಟ್ ಸಂಕೇತ 9 ಮಿಲಿಸೆಕೆಂಡಿನ ಉದ್ದ ಮಿನುಗಿನಿಂದ ಶುರುವಾಗುತ್ತದೆ; ಅದಕ್ಕೆ ಇಂಥ 115 ಅಕ್ಷರಗಳು ಸಾಕು. ಗುಂಡಿಗಳ ಸಂಕೇತಗಳು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂಗಾಗಿ ರಿಮೋಟ್ ತಂತ್ರಾಂಶ ರೂಪಿಸುವ ಲಿರ್ಕ್ ಯೋಜನೆಯ ಸಂಗ್ರಹದಲ್ಲಿ ಸಿಕ್ಕವು. ಲಿನಕ್ಸ್‌ನಿಂದ ಐಆರ್‌ಡಿಎ ಭಾಗವನ್ನೇ 2018ರಲ್ಲಿ ತೆಗೆದುಹಾಕಿದರು. ಈ ಕೆಲಸಕ್ಕೆ ಅದು ಬೇಕಾಗಿಲ್ಲ, ಕಿಂಡಿ ಒಂದು ಸೀರಿಯಲ್ ಪೋರ್ಟಿನಂತೆ, ಅಂದರೆ ಬಿಟ್‌ಗಳನ್ನು ಒಂದೊಂದಾಗಿ ಕಳುಹಿಸುವ ಪೋರ್ಟಿನಂತೆ, ಕಂಡರೆ ಸಾಕು.

ಕಷ್ಟವಾದದ್ದು ಮೌನ. ಯಾವ ಅಕ್ಷರವನ್ನು ಕಳುಹಿಸಿದರೂ ಆರಂಭದ ಬಿಟ್ ಒಮ್ಮೆ ಮಿಂಚಿಯೇ ತೀರುತ್ತದೆ. ಸಂಕೇತದ ನಡುವಿನ ಬಿಡುವುಗಳನ್ನು 127 ಎಂಬ ಸಂಖ್ಯೆಯಿಂದ ತುಂಬಿ ನೋಡಿದೆ. ಮೂರು ಪೆಟ್ಟುಗಳಲ್ಲಿ ಒಂದು ಅದೇ ತಾಳಕ್ಕೆ ಬೀಳುವುದರಿಂದ ಟಿವಿ ಗೊಂದಲಕ್ಕೆ ಬಿತ್ತು. ಕೊನೆಗೆ ಏನನ್ನೂ ಕಳುಹಿಸದೆ, ಮೈಕ್ರೋಸೆಕೆಂಡುಗಳನ್ನು ಎಣಿಸುತ್ತಾ ಕಾಯುವಂತೆ ಪ್ರೋಗ್ರಾಂ ಬರೆಯಬೇಕಾಯಿತು. ಬೇರೆ ಪ್ರೋಗ್ರಾಂ ನಡುವೆ ತಲೆಹಾಕಿದರೆ ಸಂಕೇತ ಕೆಡುತ್ತದೆ. ದೂರವೂ ಕಡಿಮೆ: ನಾಲ್ಕು ಅಡಿ ದಾಟಿದರೆ ಟಿವಿ ಅಲುಗಾಡಲಿಲ್ಲ. ಕಾರಣ ಸ್ಪಷ್ಟ. ಪ್ರತಿ ಮಿಂಚಿನ ಅವಧಿ ಕೇವಲ 1.6 ಮೈಕ್ರೋಸೆಕೆಂಡ್, 26 ಮೈಕ್ರೋಸೆಕೆಂಡಿನ ಒಂದು ಸುತ್ತಿನಲ್ಲಿ ಅದು ನೂರಕ್ಕೆ ಆರು ಪಾಲು. ರಿಮೋಟ್ ಆದರೆ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಉರಿಯುತ್ತದೆ.

ಇಯರ್‌ಫೋನ್ ಜ್ಯಾಕ್‌ನ ದಾರಿ ನನಗೆ ಬಹಳ ಮೆಚ್ಚಿಗೆಯಾಯಿತು. ಎರಡು ಇನ್‌ಫ್ರಾರೆಡ್ ಎಲ್‌ಇಡಿಗಳನ್ನು ಒಂದಕ್ಕೊಂದು ತಲೆಕೆಳಗಾಗಿ ಜೋಡಿಸಿ ಎಡ ಮತ್ತು ಬಲ ತಂತಿಗಳ ನಡುವೆ ಬೆಸುಗೆ ಹಾಕಬೇಕು. ಸೌಂಡ್ ಕಾರ್ಡ್ 38 ಕಿಲೋಹರ್ಟ್ಸ್ ನುಡಿಸಲಾರದು, 19 ನುಡಿಸಬಲ್ಲದು. ಅಲೆ ಮೇಲೇರಿದಾಗ ಒಂದು ದೀಪ, ಕೆಳಗಿಳಿದಾಗ ಇನ್ನೊಂದು ಉರಿದು ಎರಡೂ ಸೇರಿ 38 ಆಗುತ್ತದೆ. ಸಂಕೇತವೆಂದರೆ ಒಂದು ಧ್ವನಿ ಕಡತ, ಮೌನ ಅದರಲ್ಲೇ ಸರಿಯಾದ ಅಳತೆಯಲ್ಲಿ ಇರುತ್ತದೆ. ಎಂಟು ಅಡಿಯಿಂದಲೂ ಟಿವಿ ಮಾತು ಕೇಳಿತು. ಆದರೆ ಧ್ವನಿಯ ಮಟ್ಟ ಪೂರ್ತಿ ಏರಿಸಿರಬೇಕು, ಜ್ಯಾಕ್ ಸದಾ ಅದಕ್ಕೇ ಮೀಸಲು. ಆ ಲ್ಯಾಪ್‌ಟಾಪ್‌ನಲ್ಲಿ ಅಪ್ಪ ಬೆಳಿಗ್ಗೆ ದಾಸರ ಪದಗಳನ್ನು ಕೇಳುತ್ತಾರೆ. ಅದನ್ನು ತಪ್ಪಿಸಲು ನನಗೆ ಮನಸ್ಸು ಬರಲಿಲ್ಲ.

ಮೊಬೈಲ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅದರಲ್ಲಿ ಇನ್‌ಫ್ರಾರೆಡ್ ದೀಪವಿದೆ; ಆಂಡ್ರಾಯ್ಡ್ 4.4ರಿಂದಲೇ ಆ್ಯಪ್‌ಗಳಿಗೆ ಇಂಥ ದೀಪ ತೆರೆದಿದೆ. ಎರಡು ನಿಮಿಷದಲ್ಲಿ ಹೊಂದಿಸಿದೆ, ಕೋಣೆಯ ಬಾಗಿಲಿನಿಂದಲೂ ನಡೆಯಿತು. ರಿಮೋಟ್ ಮಾತ್ರವೇ ಬೇಕಾದವರಿಗೆ ಇದನ್ನೇ ಹೇಳುತ್ತೇನೆ. ಆದರೆ ನಾನು ಊರಿಗೆ ಹೊರಟರೆ ರಿಮೋಟೂ ನನ್ನ ಜೇಬಿನಲ್ಲಿ ಹೊರಡುತ್ತದೆ.

ಕೊನೆಗೆ ಅಪ್ಪನ ಕೋಣೆಯಲ್ಲಿ ಉಳಿದದ್ದು ಲ್ಯಾಪ್‌ಟಾಪ್‌ನ ಕಿಂಡಿಯೇ. ಟಿವಿಯಿಂದ ಎರಡು ಅಡಿ ದೂರದ ಸ್ಟೂಲಿನ ಮೇಲೆ ಇಟ್ಟರೆ ದೂರದ ತೊಂದರೆ ಇಲ್ಲ, ಹೊತ್ತಿಗೆ ಸರಿಯಾಗಿ ತಾನೇ ಆಜ್ಞೆ ಕೊಡುತ್ತದೆ. ಒಂದು ತೊಡಕು ಮಾತ್ರ ಉಳಿದಿತ್ತು: ಆರಿಸುವುದಕ್ಕೂ ಹೊತ್ತಿಸುವುದಕ್ಕೂ ಒಂದೇ ಸಂಕೇತ. ಒಂದು ರಾತ್ರಿ ಅಪ್ಪ ಮೊದಲೇ ಟಿವಿ ಆರಿಸಿ ಮಲಗಿದ್ದರು. ಹತ್ತೂವರೆಗೆ ಅದು ತಾನಾಗಿ ಹೊತ್ತಿಕೊಂಡು ಅವರನ್ನು ಎಬ್ಬಿಸಿಬಿಟ್ಟಿತು. ನಮ್ಮ ಟಿವಿ ಚಾನೆಲ್ ಅಂಕಿ ಒತ್ತಿದರೂ ಎಚ್ಚರಗೊಳ್ಳುತ್ತದೆ ಎಂಬುದು ಆಮೇಲೆ ಹೊಳೆಯಿತು. ಈಗ ಲ್ಯಾಪ್‌ಟಾಪ್ ಮೊದಲು ಒಂದು ಖಾಲಿ ಚಾನೆಲ್‌ನ ಅಂಕಿಯನ್ನು ಕಳುಹಿಸಿ, ಟಿವಿ ಖಂಡಿತ ಎಚ್ಚರವಿದೆ ಎಂದಾದ ಮೇಲೆ, ಐದು ಸೆಕೆಂಡು ಬಿಟ್ಟು ಆರಿಸುತ್ತದೆ. ಆ ಚಾನೆಲ್‌ನಲ್ಲಿ ಸದ್ದಿಲ್ಲದ ನೀಲಿ ಪರದೆ ಮಾತ್ರ ಇರುವುದರಿಂದ, ಟಿವಿ ಆರಿದ್ದ ರಾತ್ರಿಯೂ ಅಪ್ಪನಿಗೆ ಎಚ್ಚರವಾಗುವುದಿಲ್ಲ.