ಮರಗಳ ಕೆಳಗೆ ತರಕಾರಿ ತೋಟ ಮಾಡಿಕೊಡುತ್ತೇವೆ ಎನ್ನುವವರಿಗೆ ಮುಂಗಡ ಕೊಡುವ ಮುನ್ನ ಇದನ್ನು ಓದಿ

ದಟ್ಟವಾಗಿ ಮರಗಳಿರುವ ಜಮೀನಿನಲ್ಲಿ ಒಂದೇ ಒಂದು ಮರವನ್ನೂ ಕಡಿಯದೆ ಟೊಮೆಟೊ, ಮೆಣಸಿನಕಾಯಿ, ಬದನೆ, ಸೌತೆ ಎಲ್ಲವನ್ನೂ ಬೆಳೆಯುವಂತೆ ಮಾಡಿಕೊಡುತ್ತೇವೆ ಎಂದು ಯಾರಾದರೂ ನಿಮ್ಮ ಬಳಿ ಬಂದರೆ, ದಯವಿಟ್ಟು ಈ ಬರಹವನ್ನು ಕೊನೆಯವರೆಗೆ ಓದಿದ ಮೇಲೆಯೇ ಅವರ ಕೈಗೆ ಹಣ ಕೊಡಿ. ನನ್ನಿಂದ ಮುಂಗಡ ಪಡೆದು, ಉಳಿದ ಮೊತ್ತವನ್ನು ಸಸಿ ನೆಟ್ಟ ದಿನವೇ ಪಡೆದು, ಈಗ ಕರೆ ಮಾಡಿದರೆ ತೆಗೆಯದಿರುವ ಒಂದು ತೋಟ ನಿರ್ಮಾಣ ಸಂಸ್ಥೆಯ ವಿಷಯ ಇದು. ಹೆಸರು ಬರೆಯುತ್ತಿಲ್ಲ. ಹೆಸರನ್ನು ನಾಳೆ ಬದಲಿಸಿಕೊಳ್ಳಬಹುದು, ಆದರೆ ಅವರು ಆಡುವ ಮಾತುಗಳು ಬದಲಾಗುವುದಿಲ್ಲ. ಆದ್ದರಿಂದ ಅವರ ಮಾತುಗಳನ್ನು ಆದಷ್ಟು ಅವರ ಬಾಯಿಂದ ಬಂದ ಹಾಗೆಯೇ ಇಲ್ಲಿ ಬರೆದಿದ್ದೇನೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಮನೆಯವರ ಮುಂದೆ, ತೋಟ ನೋಡಲು ಬಂದ ನೆಂಟರ ಮುಂದೆ ತಲೆ ತಗ್ಗಿಸಿ ನಿಲ್ಲುವಂತಾಗಿದೆ. ಆದರೂ ಸುಮ್ಮನಿದ್ದರೆ ಇನ್ನೊಬ್ಬರು ಇದೇ ರೀತಿ ಹಣ ಕಳೆದುಕೊಳ್ಳುತ್ತಾರೆ.

ಅವರ ಪ್ರತಿನಿಧಿ ಜಾಗ ನೋಡಲು ಬಂದದ್ದು ಮರಗಳ ಎಲೆ ಉದುರಿದ್ದ ಕಾಲದಲ್ಲಿ. ಬರುವ ದಿನವನ್ನೂ ಹೊತ್ತನ್ನೂ ಅವರೇ ನಿಗದಿ ಮಾಡಿದ್ದರು. ನೆತ್ತಿಯ ಮೇಲೆ ಸೂರ್ಯನಿದ್ದ ಹೊತ್ತಿನಲ್ಲಿ, ಬೋಳು ಕೊಂಬೆಗಳ ಕೆಳಗೆ ಮೊಬೈಲ್ ಹಿಡಿದು ಬೆಳಕನ್ನು ಅಳೆದು, "ಸರ್, ನಿಮ್ಮ ಜಾಗದಲ್ಲಿ ಬೆಳಕಿಗೆ ಕೊರತೆಯೇ ಇಲ್ಲ, ಎಲ್ಲರೂ ಸುಮ್ಮನೆ ಹೆದರಿಸುತ್ತಾರೆ" ಎಂದರು. ವರದಿಯಲ್ಲಿ "ಬೆಳಕು: ಸಾಕಷ್ಟು" ಎಂದು ಬರೆದು ಸಹಿ ಹಾಕಿ ಕೊಟ್ಟರು. ನನ್ನ ಜಮೀನಿನ ಬಹುಪಾಲು ಮರಗಳು ಎಲೆ ಉದುರಿಸುವ ಜಾತಿಯವು ಎಂಬುದು ತೋಟದ ಕೆಲಸವನ್ನೇ ಕಸುಬಾಗಿ ಮಾಡಿಕೊಂಡಿರುವ ಮನುಷ್ಯನಿಗೆ ತಿಳಿಯದೆ ಇರಲು ಸಾಧ್ಯವೇ? ತರಕಾರಿಗೆ ಬೇಕಾಗಿರುವುದು ಒಂದು ಕ್ಷಣದ ಅಳತೆಯಲ್ಲ. ಟೊಮೆಟೊ, ಮೆಣಸಿನಕಾಯಿ, ಬದನೆಯಂತಹ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಕನಿಷ್ಠ 6 ಗಂಟೆ, ಚೆನ್ನಾಗಿ ಬರಬೇಕಾದರೆ 8 ಗಂಟೆ ನೇರ ಬಿಸಿಲು ಬೇಕು. ಮೂಲಂಗಿ, ಕ್ಯಾರೆಟ್‌ನಂತಹ ಗಡ್ಡೆಗಳಿಗೆ 4ರಿಂದ 6 ಗಂಟೆ, ಸೊಪ್ಪುಗಳಿಗೆ 3ರಿಂದ 4 ಗಂಟೆಯಾದರೂ ಬೇಕು. ಗಂಟೆಗಳ ಲೆಕ್ಕವನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಎಲೆ ಚಿಗುರಿದ ಮೇಲೆ ಏನಾಗುತ್ತದೆ ಎಂದು ನಾನಾಗಿ ಕೇಳಿದ್ದೆ. ಹೌದು, ಕೇಳಿದ್ದೆ, ಅದಕ್ಕೂ ಅವರ ಬಳಿ ಉತ್ತರ ಸಿದ್ಧವಿತ್ತು.

"ನೆರಳು ಪರದೆ ಹಾಕಿ ತರಕಾರಿ ಬೆಳೆಯುವುದನ್ನು ನೋಡಿಲ್ಲವೇ ಸರ್? 50% ನೆರಳು ಕೊಡುವ ಪರದೆಗೆ ಜನ ದುಡ್ಡು ಕೊಡುತ್ತಾರೆ. ನಿಮಗೆ ಮರಗಳೇ ಪರದೆ, ಅದೂ ಪುಕ್ಕಟೆ." ಕೇಳುವಾಗ ಇದು ಎಷ್ಟು ಸರಿಯೆನಿಸುತ್ತದೆ ನೋಡಿ. ಇದು ಪೂರ್ತಿ ಸುಳ್ಳು. ಬೆಳಕನ್ನು ಅಳೆಯುವ ಮಾನ ಲಕ್ಸ್; ಬಯಲಿನ ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತದೆ. ಅದರಲ್ಲಿ ಅರ್ಧವನ್ನು ಪರದೆ ತಡೆದರೂ ಗಿಡಕ್ಕೆ 50,000 ಲಕ್ಸ್ ಉಳಿಯುತ್ತದೆ. ದಟ್ಟ ಮರಗಳ ಕೆಳಗೆ ನೆಲಕ್ಕೆ ತಲುಪುವುದು ನೂರರಲ್ಲಿ ಕೆಲವೇ ಪಾಲು, ಒತ್ತಾದ ಮಳೆಕಾಡಿನ ನೆಲದಲ್ಲಂತೂ 1ರಿಂದ 2 ಪಾಲು ಮಾತ್ರ. ಕಪ್ಪು ಪರದೆ ಬೆಳಕಿನ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಡೆಯುತ್ತದೆ. ಮರದ ಎಲೆ ಹಾಗಲ್ಲ. ಆಹಾರ ತಯಾರಿಸಲು ಬೇಕಾದ ಕೆಂಪು ಮತ್ತು ನೀಲಿ ಬೆಳಕನ್ನು ತಾನೇ ಹೀರಿಕೊಂಡು, ಉಳಿದದ್ದನ್ನು ಕೆಳಕ್ಕೆ ಬಿಡುತ್ತದೆ. ಪರದೆಗೆ ಬೇರುಗಳಿಲ್ಲ, ಅದು ನೆಲದ ನೀರನ್ನು ಕುಡಿಯುವುದಿಲ್ಲ. ಇಷ್ಟೆಲ್ಲ ತಿಳಿದವರು ಆ ಮಾತನ್ನು ಆಡಿದ್ದಾರೆ ಎಂಬುದೇ ನನ್ನ ಕೋಪಕ್ಕೆ ಕಾರಣ.

ಆಮೇಲೆ ತಮ್ಮ ಮಾದರಿ ತೋಟಕ್ಕೆ ಕರೆದುಕೊಂಡು ಹೋದರು. ದೊಡ್ಡ ಮರಗಳ ಕೆಳಗೆ ಅಚ್ಚುಕಟ್ಟಾದ ಏರುಮಡಿಗಳು, ಮಡಿಗಳ ತುಂಬ ಒಣಗಿದ ಎಲೆಗಳ ಹೊದಿಕೆ, ಅದರ ನಡುವೆ ಗಟ್ಟಿ ಕಾಂಡದ ಟೊಮೆಟೊ ಗಿಡಗಳು ಗೊಂಚಲು ಗೊಂಚಲಾಗಿ ಕಾಯಿ ಹೊತ್ತು ನಿಂತಿದ್ದವು. ಎದುರಿಗೆ ಕಾಯಿ ಕಾಣುತ್ತಿರುವಾಗ ಇನ್ನೇನು ಕೇಳುವುದು? ಅಲ್ಲಿಯೇ ಒಪ್ಪಂದಕ್ಕೆ ಸಹಿ ಮಾಡಿಸಿಕೊಂಡರು.

ಕೆಲಸವನ್ನು ಬೇಗನೆ ಮುಗಿಸಿದರು. ಮರಗಳ ನಡುವೆ ಹಲಗೆ ಕಟ್ಟಿ ಏರುಮಡಿ ಮಾಡಿ, ಕೆಲವೆಡೆ ಮಣ್ಣನ್ನು ಮರದ ಕಾಂಡಕ್ಕೆ ತಾಗುವವರೆಗೂ ಏರಿಸಿದರು. "ಮಡಿ ಎತ್ತರದಲ್ಲಿದೆ, ಮರದ ಬೇರಿನ ಕಾಟ ಇನ್ನಿಲ್ಲ" ಎಂದರು. ಮಣ್ಣಿನ ಜೊತೆಗೆ ಹಸಿ ಮರದ ಚೂರು ಮತ್ತು ಹೊಟ್ಟನ್ನು ಧಾರಾಳವಾಗಿ ಬೆರೆಸಿದರು. ಕೇಳಿದ್ದಕ್ಕೆ, "ಕಾಡಿನ ಮಣ್ಣು ಆಗುವುದೇ ಎಲೆ ಕಟ್ಟಿಗೆ ಕೊಳೆತು ಸರ್" ಎಂದರು. ಅದು ಕೊಳೆತ ಮೇಲೆ ನಿಜ. ಹಸಿ ಹೊಟ್ಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಾರು ಪಾಲು ಇಂಗಾಲವಿರುತ್ತದೆ. ಸರಿಯಾಗಿ ಕೊಳೆಯಲು ಇರಬೇಕಾದದ್ದು 25ರಿಂದ 30 ಪಾಲು. ಮಣ್ಣಿನೊಳಗೆ ಬೆರೆಸಿದ ಹೊಟ್ಟನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಆ ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಗಿಡ ಹಸಿದು ಹಳದಿಯಾಗುತ್ತದೆ. ಅದೇ ಚೂರನ್ನು ಮೇಲುಹೊದಿಕೆಯಾಗಿ ಹರಡಿದ್ದರೆ ತೊಂದರೆಯಿರಲಿಲ್ಲ.

ಸಸಿ ನೆಟ್ಟ ಮೇಲೆ ಗಿಡಗಳು ಬೆಳೆದವು. ಅವು ಬೆಳೆದ ರೀತಿಯನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ, ಏಕೆಂದರೆ ಅವು ಸರಸರನೆ ಎತ್ತರವಾಗುತ್ತಿರುವುದನ್ನು ಕಂಡು ಸಂತೋಷಪಟ್ಟು ಚಿತ್ರ ತೆಗೆದು ಅವರಿಗೆ ಕಳುಹಿಸಿದವನು ನಾನೇ. ಅವರ ಉತ್ತರ ಹೀಗಿತ್ತು: "ನೋಡಿದಿರಾ ಸರ್, ಎಷ್ಟು ಬೇಗ ಎತ್ತರವಾಗಿವೆ! ನಮ್ಮ ಮಣ್ಣಿನ ಮಹಿಮೆ ಅದು." ಅದು ಯಾವ ಮಣ್ಣಿನ ಮಹಿಮೆಯೂ ಆಗಿರಲಿಲ್ಲ. ಎಲೆಗಳು ಕೆಂಪು ಬೆಳಕನ್ನು ಹೀರಿಕೊಂಡು ಅದರಾಚೆಯ ಕಡುಗೆಂಪು ಬೆಳಕನ್ನು ಕೆಳಗೆ ಬಿಡುತ್ತವೆ. ಇವೆರಡರ ನಡುವಿನ ವ್ಯತ್ಯಾಸವನ್ನು ಗಿಡದೊಳಗಿನ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಗುರುತಿಸುತ್ತದೆ. ತನ್ನ ಮೇಲೆ ಬೇರೆ ಗಿಡದ ಎಲೆಯಿದೆ ಎಂದು ಅರಿತ ಬಿಸಿಲಿನ ಗಿಡವು ಬೇರನ್ನೂ ಎಲೆಯನ್ನೂ ಬೆಳೆಸುವುದನ್ನು ಕಡಿಮೆ ಮಾಡಿ, ಹೆಚ್ಚಿನ ಶಕ್ತಿಯನ್ನು ಕಾಂಡಕ್ಕೆ ಸುರಿದು ಬಿಸಿಲನ್ನು ಹುಡುಕಿಕೊಂಡು ಮೇಲಕ್ಕೆ ಚಾಚುತ್ತದೆ. ನನ್ನ ಗಿಡಗಳು ಹಸಿವಿನಿಂದ ಚಾಚುತ್ತಿದ್ದವು. ಅದನ್ನು ನೋಡಿ ಅವರು ನನ್ನನ್ನು ಅಭಿನಂದಿಸಿದರು!

ಕಾಂಡಗಳು ಸಣಕಲಾಗಿ ಬಾಗಿದವು. ಎಲೆಗಳು ಬಿಳಿಚಿಕೊಂಡವು. ಟೊಮೆಟೊದಲ್ಲಿ ಬಂದ ಕೆಲವೇ ಹೂಗಳೂ ಉದುರಿದವು, ಒಂದೂ ಕಾಯಿ ಕಚ್ಚಲಿಲ್ಲ. ಸೌತೆಯ ಎಲೆಗಳ ಮೇಲೆ ಬೂದಿ ರೋಗ ಹರಡಿತು; ಬಿಸಿಲೂ ಗಾಳಿಯೂ ಆಡದ ಕಡೆ ಬುಡದ ತೇವ ಬೇಗ ಆರುವುದಿಲ್ಲವಾದ್ದರಿಂದ ಉಳಿದ ಗಿಡಗಳಲ್ಲಿ ಬುಡ ಕೊಳೆಯತೊಡಗಿತು. ಬಸವನಹುಳುಗಳು ಸೊಪ್ಪನ್ನು ತಿಂದವು.

ಈ ಹೊತ್ತಿನಲ್ಲಿ ಅವರಿಂದ ಬಂದ ಉತ್ತರಗಳನ್ನು ನಾನು ಉಳಿಸಿಕೊಂಡಿದ್ದೇನೆ. ಮೊದಲು, "ಗಿಡ ಹೊಂದಿಕೊಳ್ಳಲು ಸ್ವಲ್ಪ ಕಾಲ ಕೊಡಿ ಸರ್." ನಂತರ, "ನೀವು ನೀರು ಹೆಚ್ಚು ಹಾಕುತ್ತಿದ್ದೀರಿ." ನೀರು ಕಡಿಮೆ ಮಾಡಿದ ಮೇಲೆ, "ಮಣ್ಣು ಒಣಗಿದೆಯಲ್ಲ, ನೀರು ಸಾಲದು." ಆಮೇಲೆ ಗೊಬ್ಬರದ ಸರದಿ ಬಂತು. "ಎಲೆ ಹಳದಿಯಾಗಿದೆ, ನಮ್ಮ ದ್ರವಗೊಬ್ಬರ ತರಿಸಿಕೊಳ್ಳಿ, ಹಸಿರಾಗುತ್ತದೆ." ಅದಕ್ಕೂ ಹಣ ಕೊಟ್ಟೆ. ಬೆಳಕಿಲ್ಲದ ಗಿಡಕ್ಕೆ ಸಾರಜನಕ ಸುರಿದರೆ ಅದು ಇನ್ನಷ್ಟು ಎಳಸಾಗಿ, ಮೆತ್ತಗಾಗಿ, ರೋಗಕ್ಕೆ ಇನ್ನಷ್ಟು ಸುಲಭವಾಗಿ ತುತ್ತಾಗುತ್ತದೆಯೇ ಹೊರತು ಹಣ್ಣು ಕೊಡುವುದಿಲ್ಲ. ಬಿಸಿಲಿನ ಕೊರತೆಯನ್ನು ಯಾವ ಗೊಬ್ಬರವೂ ತುಂಬುವುದಿಲ್ಲ. ಇದನ್ನು ಇನ್ನೊಮ್ಮೆ ಹೇಳುತ್ತೇನೆ: ಯಾವ ಗೊಬ್ಬರವೂ ತುಂಬುವುದಿಲ್ಲ.

ಕೊನೆಗೆ ಮತ್ತೆ ಅವರ ಮಾದರಿ ತೋಟಕ್ಕೆ ಹೋದೆ, ಈ ಬಾರಿ ಹೇಳದೆ ಹೋದೆ. ಟೊಮೆಟೊ ಗಿಡಗಳು ಮೊದಲಿನ ಹಾಗೆಯೇ ಕಾಯಿ ಹೊತ್ತು ನಿಂತಿದ್ದವು. ನನ್ನದೇ ಕೆಲಸದಲ್ಲಿ ಏನೋ ಕೊರತೆಯಿರಬೇಕು ಎಂಬ ಸಂಕೋಚದಲ್ಲಿಯೇ ಒಂದು ಗಿಡದ ಬುಡದಲ್ಲಿ ತೇವ ಎಷ್ಟಿದೆ ಎಂದು ನೋಡಲು ಹೊದಿಕೆಯ ಎಲೆಗಳನ್ನು ಸರಿಸಿದೆ. ಬೆರಳಿಗೆ ಪ್ಲಾಸ್ಟಿಕ್ ಅಂಚು ತಾಗಿತು. ಕುಂಡ! ಪಕ್ಕದ ಗಿಡದ ಬುಡವನ್ನು ಕೆದಕಿದೆ, ಅಲ್ಲಿಯೂ ಕುಂಡ. ಇಡೀ ಸಾಲು ಕುಂಡಗಳನ್ನು ಮಣ್ಣಿನಲ್ಲಿ ಹೂತು, ಅಂಚು ಕಾಣದಂತೆ ಎಲೆ ಮುಚ್ಚಿದ್ದರು. ಗಿಡಗಳು ಬೆಳೆದದ್ದು ಬೇರೆಲ್ಲೋ ಬಯಲಿನ ಬಿಸಿಲಿನಲ್ಲಿ, ಕಾಯಿ ಕಚ್ಚಿದ್ದೂ ಅಲ್ಲಿಯೇ. ಗಿರಾಕಿಗಳಿಗೆ ತೋರಿಸಲು ಮಾತ್ರ ತಂದು ಮರದ ಕೆಳಗೆ ಇಡುತ್ತಿದ್ದರು. ಆ ಕ್ಷಣದಲ್ಲಿ ನನಗಾದ ಅವಮಾನವನ್ನು ಹೇಗೆ ಬರೆಯಲಿ? ಈ ಗಿಡಗಳನ್ನೇ ಅಲ್ಲವೇ ನಾನು ಮೊದಲ ಸಲ ಮುಟ್ಟಿ ಮುಟ್ಟಿ ನೋಡಿ ಹೊಗಳಿದ್ದು, ಇವುಗಳ ಚಿತ್ರವನ್ನೇ ಅಲ್ಲವೇ ಮನೆಯವರಿಗೆಲ್ಲ ತೋರಿಸಿದ್ದು. ಅಲ್ಲಿದ್ದ ಕೆಲಸಗಾರ ನೆಲ ನೋಡುತ್ತ ನಿಂತ. ಕರೆ ಮಾಡಿದಾಗ ಪ್ರತಿನಿಧಿ ಒಂದಿಷ್ಟೂ ಅಳುಕದೆ, "ಅದು ಪ್ರದರ್ಶನಕ್ಕೆ ಇಟ್ಟದ್ದು ಸರ್, ಇಲ್ಲೇ ಬೆಳೆದದ್ದು ಎಂದು ನಾವು ಎಲ್ಲಿಯೂ ಬರೆದುಕೊಟ್ಟಿಲ್ಲ" ಎಂದರು.

ಅದಾದ ಮೇಲೆ ಜಗಳವಾಡಿ ಅವರನ್ನು ನನ್ನ ಜಮೀನಿಗೆ ಕರೆಸಿದೆ. ಆಗ ಮರಗಳೆಲ್ಲ ತುಂಬು ಎಲೆಯಲ್ಲಿದ್ದವು. ಪ್ರತಿನಿಧಿ ನನ್ನ ಕೈಯಲ್ಲಿದ್ದ ಒಪ್ಪಂದದ ಪ್ರತಿಯನ್ನೇ ತೆಗೆದುಕೊಂಡು ಮಡಿಯ ಮೇಲೆ ಹಿಡಿದು, "ಇಲ್ಲಿ ನಿಂತು ಇದನ್ನು ಓದಬಹುದಲ್ಲ ಸರ್, ಕತ್ತಲೆ ಎಲ್ಲಿದೆ?" ಎಂದು ಕೇಳಿದರು. ಓದಲು 300ರಿಂದ 500 ಲಕ್ಸ್ ಸಾಕು. ನಮ್ಮ ಕಣ್ಣು ಮಂದ ಬೆಳಕಿಗೆ ತಾನಾಗಿಯೇ ಹೊಂದಿಕೊಳ್ಳುವುದರಿಂದ ನೆರಳೂ ನಮಗೆ ಬೆಳಕಾಗಿಯೇ ತೋರುತ್ತದೆ. ಗಿಡಕ್ಕೆ ಆ ಅನುಕೂಲವಿಲ್ಲ. ಮೊದಲ ಸಲದ ಹಾಗೆ ಮೊಬೈಲ್‌ನಲ್ಲಿ ಅಳೆದು ತೋರಿಸಿ ಎಂದು ಕೇಳಿದರೆ, "ಇವತ್ತು ಅದು ಸರಿಯಾಗಿ ಕೆಲಸ ಮಾಡುತ್ತಿಲ್ಲ" ಎಂದರು. ಒಂದು ಮಡಿಯನ್ನು ಅವರ ಮುಂದೆಯೇ ಅಗೆದು ತೋರಿಸಿದೆ. ತಳದಿಂದ ಏರಿ ಬಂದ ಮರದ ಕೂದಲೆಳೆಯಂತಹ ಬೇರುಗಳು ಚಾಪೆಯ ಹಾಗೆ ಹೆಣೆದುಕೊಂಡಿದ್ದವು. ಮರಗಳು ನೀರನ್ನೂ ಸತ್ವವನ್ನೂ ಹೀರುವ ಸಣ್ಣ ಬೇರುಗಳ ಬಹುಪಾಲು ಇರುವುದು ನೆಲದ ಮೇಲಿನ 30ರಿಂದ 45 ಸೆಂಟಿಮೀಟರ್ ಮಣ್ಣಿನಲ್ಲಿಯೇ, ಅವು ಕೊಂಬೆಗಳ ಹರವನ್ನೂ ದಾಟಿ ದೂರದವರೆಗೆ ಹಬ್ಬಿರುತ್ತವೆ. ಅವುಗಳ ಮೇಲೆ ಒಳ್ಳೆಯ ಮಣ್ಣು ಮತ್ತು ದಿನವೂ ನೀರು ಬಿದ್ದರೆ ಅವು ಮೇಲಕ್ಕೆ ಬಾರದೆ ಇರುತ್ತವೆಯೇ? ನಾನು ಹಣ ಕೊಟ್ಟು ತುಂಬಿಸಿದ ಮಣ್ಣು ಮರಗಳ ಪಾಲಾಗಿತ್ತು. ಇದಕ್ಕೆ ಅವರ ಉತ್ತರ: "ಹಾಗಾದರೆ ಮರ ತೆಗೆಸಿಬಿಡಿ ಸರ್. ಅದಕ್ಕೆ ನಮ್ಮದೇ ಬೇರೆ ತಂಡವಿದೆ, ದರ ಬೇರೆ."

ಒಂದೂ ಮರ ಕಡಿಯದೆ ಮಾಡಿಕೊಡುತ್ತೇವೆ ಎಂಬ ಒಂದೇ ಮಾತಿಗಾಗಿ ನಾನು ಇವರನ್ನು ಆರಿಸಿಕೊಂಡಿದ್ದೆ. ಅದೇ ಬಾಯಿಂದ ಈ ಮಾತು.

ಒಪ್ಪಂದದಲ್ಲಿ ಬರೆದಿದ್ದದ್ದು "ತೋಟ ನಿರ್ಮಾಣ" ಮಾತ್ರ. ಮಡಿ ಕಟ್ಟಿ ಸಸಿ ನೆಟ್ಟಲ್ಲಿಗೆ ಅವರ ಹೊಣೆ ಮುಗಿದಿತ್ತು. ಇಳುವರಿ "ಪ್ರಕೃತಿಗೆ ಬಿಟ್ಟದ್ದು" ಎಂಬ ಸಾಲು ಕೊನೆಯ ಪುಟದಲ್ಲಿತ್ತು. ಬೆಳಕು ಸಾಕಷ್ಟಿದೆ ಎಂದು ಸಹಿ ಹಾಕಿ ಕೊಟ್ಟಿದ್ದ ವರದಿಯನ್ನು ಮುಂದಿಟ್ಟರೆ, "ಅಳೆದ ದಿನ ಇತ್ತಲ್ಲ" ಎಂದರು.

ಹಣ ಹೋದದ್ದಕ್ಕಿಂತಲೂ ನನ್ನನ್ನು ಈಗ ಕಾಡುತ್ತಿರುವುದು ಮರಗಳ ಸ್ಥಿತಿ. ಕಾಂಡಕ್ಕೆ ತಾಗುವಂತೆ ಮಣ್ಣು ಏರಿಸಿದ್ದ ಕಡೆ ತೊಗಟೆ ಸದಾ ತೇವವಾಗಿದ್ದು ಮೆತ್ತಗಾಗಿದೆ. ಬೇರುಗಳ ಮೇಲೆ ದಪ್ಪ ಮಣ್ಣು ಬಿದ್ದರೆ ಅವುಗಳಿಗೆ ಗಾಳಿ ಸಿಗುವುದಿಲ್ಲ, ಆ ಹಾನಿ ಎಷ್ಟೋ ಬಾರಿ ವರ್ಷಗಳ ನಂತರ ತುದಿಕೊಂಬೆಗಳು ಒಣಗುವ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಮಡಿಯ ಮಟ್ಟ ಸರಿಮಾಡಲು ಅವರು ಕತ್ತರಿಸಿದ ದಪ್ಪ ಬೇರುಗಳು ಮರವನ್ನು ಗಾಳಿಗೆ ಹಿಡಿದು ನಿಲ್ಲಿಸುವ ಬೇರುಗಳು. ಮಣ್ಣನ್ನು ಈಗ ಕೈಯಾರೆ ಹಿಂದಕ್ಕೆ ತೆಗೆಯುತ್ತಿದ್ದೇನೆ.

ನಿಮ್ಮದೂ ಇಂತಹ ಜಮೀನಾದರೆ, ಯಾರನ್ನಾದರೂ ಕರೆಯುವ ಮೊದಲು ಮರಗಳು ತುಂಬು ಎಲೆಯಲ್ಲಿರುವಾಗ ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಬಿಸಿಲು ಎಲ್ಲಿ ಬೀಳುತ್ತದೆ ಎಂದು ನೀವೇ ಗುರುತು ಹಾಕಿ. ಸೂರ್ಯನ ದಾರಿ ಋತುವಿನೊಂದಿಗೆ ಬದಲಾಗುವುದರಿಂದ ಇನ್ನೊಂದು ಕಾಲದಲ್ಲಿಯೂ ನೋಡಿ. ಮರಗಳ ಅಂಚಿನಲ್ಲಿ 3-4 ಗಂಟೆ ಬಿಸಿಲು ಬೀಳುವ ಜಾಗವಿದ್ದರೆ ಪಾಲಕ್, ಲೆಟ್ಯೂಸ್, ಪುದೀನ ಬರುತ್ತವೆ. ಶುಂಠಿ, ಅರಿಶಿನ ಅರೆನೆರಳನ್ನು ತಡೆದುಕೊಳ್ಳುತ್ತವೆ. ಮರಗಳ ಕೆಳಗೆ ಟೊಮೆಟೊ ಬರುತ್ತದೆ ಎಂದು ಹೇಳುವವರು ನಿಮಗೆ ಸುಳ್ಳು ಹೇಳುತ್ತಿದ್ದಾರೆ, ಮುಖ ನೋಡಿ ಮರುಳಾಗಬೇಡಿ. ಹಣವನ್ನು ಸಸಿ ನೆಟ್ಟ ದಿನ ಪೂರ್ತಿ ಕೊಡಬೇಡಿ, ಕಾಯಿ ಕಚ್ಚುವವರೆಗೆ ಒಂದು ಪಾಲನ್ನು ಉಳಿಸಿಕೊಳ್ಳುವ ಷರತ್ತನ್ನು ಒಪ್ಪಂದದಲ್ಲಿಯೇ ಬರೆಸಿ. ಅದಕ್ಕೆ ಒಪ್ಪದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಮಾದರಿ ತೋಟಕ್ಕೆ ಕರೆದೊಯ್ದರೆ ಯಾರ ಅಪ್ಪಣೆಯನ್ನೂ ಕೇಳದೆ ಗಿಡದ ಬುಡದ ಎಲೆ ಸರಿಸಿ ನೋಡಿ.

ಹಣ ಹಿಂದಿರುಗಿಸಬೇಕೆಂದು ಅವರಿಗೆ ಲಿಖಿತವಾಗಿ ಕೇಳಿದ್ದೇನೆ, ಬೆಳಕಿನ ವರದಿಯ ಪ್ರತಿಯನ್ನೂ ಹೂತಿಟ್ಟ ಕುಂಡಗಳ ಚಿತ್ರಗಳನ್ನೂ ಅದರ ಜೊತೆಗೆ ಕಳುಹಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಇದೇ ರೀತಿ ಮೋಸ ಹೋದವರು ಯಾರಾದರೂ ಇದ್ದರೆ ನಿಮ್ಮ ಒಪ್ಪಂದದ ಪ್ರತಿ ಮತ್ತು ಅವರು ಕಳುಹಿಸಿದ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ.